ಕಾಯುವ ಯಂತ್ರ, ಸುಳ್ಳು ಹೇಳುವ ಹಬ್

(ತೊಂಡೇಬಾವಿಯ ರೈಲ್ವೆ ಸ್ಟೇಷನ್ ಕಡೆಯ ಒಂದು ಜೆರಾಕ್ಸ್ ಅಂಗಡಿ. ಮಾತಾಡುತ್ತಿರುವವರು ಅಂಗಡಿಯ ಯಜಮಾನರು ಮತ್ತು ಅವರ ತಂಗಿಯ ಮಗಳು. ಅವಳಿಗೆ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ.)

— ಫಾರ್ಮ್ಯಾಟ್ ಹೊಡೆದುಬಿಡಮ್ಮ, ಸಾಕಾಗೋಗದೆ. ಬೆಳಿಗ್ಗೆ ಶಟರ್ ಎತ್ತಿ, ಸ್ವಿಚ್ ಒತ್ತಿ, ಕಸ ಗುಡಿಸಿ, ಊದುಬತ್ತಿ ಹಚ್ಚಿದ್ರೂ ಇದು ಕಪ್ಪು ಪರದೆ ಇಟ್ಕೊಂಡು ಕೂತಿರ್ತದೆ. ಪಹಣಿ ತಕ್ಕೊಳಕ್ಕೆ ಅಲೀಪುರದಿಂದ ಬಂದೋರು, ಮಂಚೇನಹಳ್ಳಿಯಿಂದ ಬಂದೋರು, ಎಷ್ಟೊತ್ತು ನಿಂತಾರು?

— ಫಾರ್ಮ್ಯಾಟ್ ಮಾಡಿದ್ರೆ ಏನು ತಪ್ಪಾಗಿತ್ತು ಅನ್ನೋ ಗುರುತೂ ಅಳಿಸಿಹೋಗತ್ತೆ ಮಾವ. ಎಸ್‌ಎಸ್‌ಡಿ ಹಾಕಿಸಿದ್ರಲ್ಲ, ಆಮೇಲೂ ಹೀಗೇನಾ?

— ಅದೇ ಹೊಟ್ಟೆಉರಿ. ದುಡ್ಡು ಸುರಿದು ಎಸ್‌ಎಸ್‌ಡಿ ಹಾಕಿಸಿದ್ ಮೇಲೇನೇ ಇಷ್ಟು ನಿಧಾನ ಆಗಿದ್ದು. ಹಳೇ ಹಾರ್ಡ್ ಡಿಸ್ಕೇ ವಾಸಿ ಇತ್ತು. ಇದರ ಜೊತೆಗೆ ಸ್ಕ್ಯಾನರ್ ಒಂದು. ಈಗ ಇರ್ತದೆ, ಈಗ ಇರಲ್ಲ. ವಿಂಡೋಸ್ ಬಿಟ್ಟು ಈ ಲಿನಕ್ಸಿಗೆ ಬಂದಿದ್ದೇ ತಪ್ಪೇನೋ ಅನ್ನಿಸ್ತದೆ.

— ನಿಮಗೆ ಬೇರೆ ದಾರಿ ಎಲ್ಲಿತ್ತು? ವಿಂಡೋಸ್ 10ಕ್ಕೆ ಮಾಮೂಲು ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಣ ಅಂದ್ರೆ ಇಂಟೆಲ್ ಪ್ರೊಸೆಸರ್ ಎಂಟನೇ ತಲೆಮಾರಿಂದ ಈಚೆಗೆ ಇರಬೇಕು, ಟಿಪಿಎಂ 2.0 ಇರಬೇಕು. ನಿಮ್ಮದು ಬೆಂಗಳೂರಿನ ಎಸ್.ಪಿ. ರೋಡಿಂದ ತಂದ ಸೆಕೆಂಡ್‌ಹ್ಯಾಂಡ್ ಸಣ್ಣ ಪಿಸಿ, ಆರನೇ ತಲೆಮಾರಿಂದು. ಕೆಲಸಕ್ಕೆ ಏನೂ ಕಮ್ಮಿ ಇಲ್ಲ. ಕೂತ್ಕೊಳಿ, ಇದನ್ನೇ ಕೇಳೋಣ.

— ಯಾರನ್ನ?

— ಯಂತ್ರವನ್ನ. ಆನ್ ಆದಾಗಿಂದ ತಾನು ಮಾಡಿದ್ದನ್ನೆಲ್ಲ ಅದು ಗಳಿಗೆ ಗಳಿಗೆಗೂ ಬರೆದಿಟ್ಟಿರತ್ತೆ. ವಿಂಡೋಸ್‌ನಲ್ಲೂ ಬರೆಯತ್ತೆ, ಆದ್ರೆ ಎಲ್ಲಿದೆ ಅಂತ ಹುಡುಕೋ ಅಭ್ಯಾಸ ನಮಗಿಲ್ಲ. ಇಲ್ಲಿ ಟರ್ಮಿನಲ್ ತೆಗೆದು ಸಿಸ್ಟಮ್‌ಡಿ-ಅನಲೈಝ್ ಅಂತ ಹೊಡೆದ್ರೆ ಒಂದೇ ಸಾಲಲ್ಲಿ ಲೆಕ್ಕ ಕೊಡತ್ತೆ. ನೋಡಿ: ಫರ್ಮ್‌ವೇರ್ 26 ಸೆಕೆಂಡ್, ಲೋಡರ್ 4, ಕರ್ನಲ್ 36, ಯೂಸರ್‌ಸ್ಪೇಸ್ 1 ನಿಮಿಷ 49 ಸೆಕೆಂಡ್. ಒಟ್ಟು ಮೂರು ನಿಮಿಷಕ್ಕೆ ಐದು ಸೆಕೆಂಡ್ ಕಮ್ಮಿ.

— ಇದರಲ್ಲಿ ನಂಗೇನು ತಿಳೀಬೇಕು?

— ಯಾರ ಹತ್ತಿರ ಎಷ್ಟು ಹೊತ್ತು ಹೋಗಿದೆ ಅನ್ನೋದು. ಫರ್ಮ್‌ವೇರ್ ಅಂದ್ರೆ ಲಿನಕ್ಸ್ ಇನ್ನೂ ಎದ್ದೇ ಇಲ್ಲ, ಮದರ್‌ಬೋರ್ಡಿನ ಒಳಗಿನ ಪ್ರೋಗ್ರಾಂ ತನ್ನ ಪಾಡಿಗೆ ತಡಕಾಡ್ತಾ ಇದೆ. ಅಲ್ಲಿ ಕಳೆದ 26 ಸೆಕೆಂಡಿಗೆ ನೀವು ಎಷ್ಟು ಸಲ ಫಾರ್ಮ್ಯಾಟ್ ಹೊಡೆದ್ರೂ ಏನೂ ಆಗಲ್ಲ. ಅದನ್ನ ಕೊನೆಗೆ ನೋಡೋಣ. ಕರ್ನಲ್ ಅಂದ್ರೆ ಲಿನಕ್ಸಿನ ತಿರುಳು. ದೊಡ್ಡದು ಯೂಸರ್‌ಸ್ಪೇಸ್, ಸರ್ವಿಸ್‌ಗಳೆಲ್ಲ ಒಂದೊಂದಾಗಿ ಏಳೋ ಹೊತ್ತು. ಇದನ್ನು ನಡೆಸೋ ಯಜಮಾನನೇ ಸಿಸ್ಟಮ್‌ಡಿ. 2010ರಲ್ಲಿ ಶುರುವಾದದ್ದು. 2015ರಲ್ಲಿ ಡೆಬಿಯನ್, ಉಬುಂಟು ಎರಡೂ ಇದನ್ನೇ ಒಪ್ಪಿಕೊಂಡ್ವು. ಆ ಕಾಲದಲ್ಲಿ ಇದರ ಬಗ್ಗೆ ಆದ ಜಗಳ ಮಹಾಭಾರತ, ಅದು ಬಿಡಿ. ಇದೇ ಕಮಾಂಡಿನ ಮುಂದೆ ಬ್ಲೇಮ್ ಅಂತ ಸೇರಿಸಿದ್ರೆ, ಯಾರು ಯಾರು ಎಷ್ಟು ಹೊತ್ತು ತಗೊಂಡ್ರು ಅಂತ ಪಟ್ಟಿ ಬರತ್ತೆ.

— ಹಾಂ, ಮೊದಲನೇದೇ ಸಿಕ್ಕಿತಲ್ಲ. ನೆಟ್‌ವರ್ಕ್‌ಮ್ಯಾನೇಜರ್ ವೇಟ್ ಆನ್‌ಲೈನ್. ತೆಗೆದಾಕು ಅದನ್ನ.

— ಎಲ್ಲರೂ ಅಲ್ಲೇ ಎಡವೋದು ಮಾವ. ಹೆಚ್ಚು ಹೊತ್ತು ತಗೊಂಡೋನೇ ತಡ ಮಾಡಿದೋನು ಅಂತಲ್ಲ. ಸರ್ವಿಸ್‌ಗಳು ಒಟ್ಟೊಟ್ಟಿಗೆ ಓಡ್ತಾ ಇರ್ತವೆ. ಇದು ಇಂಟರ್ನೆಟ್ ಬರೋವರೆಗೆ ಮೂಲೇಲಿ ಕಾಯ್ತಾ ಇತ್ತು ನಿಜ, ಆದ್ರೆ ಲಾಗಿನ್ ಪರದೆ ಇದಕ್ಕಾಗಿ ಕಾಯ್ತಾ ಇರಲಿಲ್ಲ. ಯಾರು ಯಾರಿಗಾಗಿ ನಿಂತಿದ್ರು ಅಂತ ತಿಳೀಬೇಕಾದ್ರೆ ಕ್ರಿಟಿಕಲ್-ಚೈನ್ ಅಂತ ಕೇಳಬೇಕು, ಜೊತೆಗೆ ಜರ್ನಲ್ ತೆಗೆದು ಈ ಬೂಟಿನ ಸಾಲುಗಳನ್ನ ಓದಬೇಕು. ಇಲ್ಲಿ ಕಣ್ಣಾಡಿಸಿ. ಎಡಗಡೆ ಟೈಮು ಇದೆಯಲ್ಲ, ಒಂದು ಸಾಲು 9 ಗಂಟೆ 14 ನಿಮಿಷದ್ದು, ಅದರ ಕೆಳಗಿನ ಸಾಲು 9 ಗಂಟೆ 15 ನಿಮಿಷ 30 ಸೆಕೆಂಡಿಂದು. ಮಧ್ಯೆ ಒಂದೂವರೆ ನಿಮಿಷ ಒಂದು ಅಕ್ಷರವೂ ಇಲ್ಲ.

— ಆ ಹೊತ್ತಲ್ಲಿ ಏನು ಮಾಡ್ತಿತ್ತು?

— ಏನೂ ಮಾಡ್ತಿರಲಿಲ್ಲ. ಅದೇ ವಿಷಯ. ಆಮೇಲಿನ ಸಾಲಲ್ಲಿ ತಾನೇ ಹೇಳಿದೆ: ಇಂಥ ನಂಬರಿನ ಡಿಸ್ಕಿಗಾಗಿ ಕಾದೆ, ಟೈಮ್‌ಔಟ್ ಆಯ್ತು. ಅದರ ಕೆಳಗೆ, ಸ್ವಾಪ್ ಹಾಕಲಾಗಲಿಲ್ಲ. ಡಿಸ್ಕ್ ಸಿಗದೆ ಇದ್ರೆ 90 ಸೆಕೆಂಡ್ ಕಾಯಬೇಕು ಅಂತ ಸಿಸ್ಟಮ್‌ಡಿಯ ಮಾಮೂಲು ನಿಯಮ.

— ಹಿಂದೆ ಇಲ್ಲಿ ಒಂಟಿ ಹಳಿ ಇದ್ದಾಗ ಪ್ಯಾಸೆಂಜರ್ ಗಾಡಿ ಕ್ರಾಸಿಂಗ್ ಅಂತ ನಿಲ್ಲಿಸ್ತಿದ್ರಲ್ಲ, ಹಾಗೆ ಅನ್ನು. ಹಿಂದೂಪುರದ ಕಡೆಯಿಂದ ಬರೋ ಗಾಡಿ ದಾಟೋವರೆಗೂ ಇದು ಅಲ್ಲಾಡ್ತಿರಲಿಲ್ಲ.

— ಹಾಗೇ. ನಿಂತ ಗಾಡಿಗೆ ಜೋರಾದ ಎಂಜಿನ್ ಹಾಕಿಸಿದಿರಿ ನೀವು, ಎಸ್‌ಎಸ್‌ಡಿ ಅಂತ. ಎಸ್‌ಎಸ್‌ಡಿ ಓದೋದನ್ನ ಬೇಗ ಮಾಡತ್ತೆ, ಕಾಯೋದನ್ನ ಬೇಗ ಮಾಡಕ್ಕಾಗಲ್ಲ. 90 ಸೆಕೆಂಡ್ ಅಂದ್ರೆ ಯಾವ ಡಿಸ್ಕಿನ ಮೇಲೂ 90 ಸೆಕೆಂಡೇ.

— ಆದ್ರೆ ಇದು ಕಾಯ್ತಿರೋ ಡಿಸ್ಕ್ ಯಾವುದು? ಇರೋದೇ ಒಂದು.

— ಹಳೇ ಹಾರ್ಡ್ ಡಿಸ್ಕ್ ಏನು ಮಾಡಿದ್ರಿ?

— ಅದಕ್ಕೊಂದು ಕೇಸ್ ಹಾಕಿ ಕೊಟ್ರು, ಯುಎಸ್‌ಬಿಗೆ ಚುಚ್ಚೋ ಥರ. ಹಳೇ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಎಲ್ಲ ಅದರಲ್ಲೇ ಐತೆ. ರಾತ್ರಿ ಮನೆಗೆ ತಗೊಂಡೋಗ್ತೀನಿ. ಯಾರಾದ್ರೂ ಹಳೇ ಡಿಸೈನೇ ಬೇಕು ಅಂದ ದಿನ ತರ್ತೀನಿ.

— ಎಸ್‌ಎಸ್‌ಡಿ ಹಾಕಿದವರು ಹಳೇದರಲ್ಲಿದ್ದ ಸಿಸ್ಟಮನ್ನ ಹಾಗೇ ನಕಲು ಮಾಡಿದ್ದಾರೆ. ಕೆಟ್ಟದ್ದೇನಲ್ಲ. ಆದ್ರೆ ಸ್ವಾಪ್ ಜಾಗ, ಅಂದ್ರೆ ಮೆಮೊರಿ ತುಂಬಿದಾಗ ಇಳಿಸಿಡೋ ಜಾಗ, ಅದನ್ನ ನಕಲು ಮಾಡಿಲ್ಲ. ಎಫ್‌ಎಸ್‌ಟ್ಯಾಬ್ ಅನ್ನೋ ಕಡತದಲ್ಲಿ ಹಳೇ ವಿಳಾಸ ಉಳಿದಿದೆ. ದಿನಾ ಬೆಳಿಗ್ಗೆ ಇದು ನಿಮ್ಮ ಮನೇಲಿರೋ ಡಿಸ್ಕಿಗಾಗಿ ಕಾಯತ್ತೆ. ಕರ್ನಲ್ ಲೆಕ್ಕದಲ್ಲಿ 36 ಸೆಕೆಂಡ್ ಇತ್ತಲ್ಲ, ಅದರಲ್ಲೂ 30 ಇದೇ ಕೇಸು. ಹಿಂದಿನ ಸಲ ಹೈಬರ್ನೇಟ್ ಮಾಡಿದ್ರಾ, ಅಲ್ಲಿಂದ ಮುಂದುವರಿಸಬೇಕಾ ಅಂತ ಅದೇ ಸ್ವಾಪನ್ನ ಹುಡುಕಿ, ಸಿಗದೆ, ಕೈಚೆಲ್ಲಿದೆ. ಆಮೇಲೆ ಸಿಸ್ಟಮ್‌ಡಿ ಬಂದು ಮತ್ತೆ ಮೊದಲಿಂದ 90. ಇನ್ನೂ ನಿಮ್ಮ ಪುಣ್ಯ, ಸ್ವಾಪ್ ಆಗಿದ್ದಕ್ಕೆ ಕಾದು ಮುಂದೆ ಹೋಗಿದೆ. ಫೈಲುಗಳಿರೋ ಭಾಗವನ್ನ ಹೀಗೆ ಬರೆದಿಟ್ಟಿದ್ರೆ ಎಮರ್ಜೆನ್ಸಿ ಮೋಡ್ ಅಂತ ಕಪ್ಪು ಪರದೆಯಲ್ಲೇ ನಿಂತುಬಿಡ್ತಿತ್ತು.

— ತಡಿ ತಡಿ. ಅದಕ್ಕೇನಾ ಕೆಲವು ದಿನ ಬೇಗ ಆನ್ ಆಗ್ತಿದ್ದಿದ್ದು? ಆ ದಿನ ಮಾತ್ರ ಸ್ಕ್ಯಾನರ್ ಕೈ ಕೊಡ್ತದೆ ಅಂತ ನಾನು ಅನ್ಕೊಂಡಿದ್ದೆ. ಒಂದು ಸರಿ ಇದ್ರೆ ಇನ್ನೊಂದು ಇಲ್ಲ. ಗ್ರಹಚಾರ ಅನ್ಕೊಂಡೆ.

— ಇದನ್ನ ಮೊದಲೇ ಹೇಳಬಾರದಿತ್ತಾ ಮಾವ! ಎರಡು ಕಾಯಿಲೆ ಅಲ್ಲ, ಒಂದೇ. ಡಿಸ್ಕ್ ಇಲ್ಲದ ದಿನ ಬೂಟ್ ನಿಧಾನ, ಡಿಸ್ಕ್ ಚುಚ್ಚಿದ ದಿನ ಸ್ಕ್ಯಾನರ್ ಮಾಯ. ಮೊದಲು ಬೂಟಿಂದು ಮುಗಿಸ್ತೀನಿ. ಎಫ್‌ಎಸ್‌ಟ್ಯಾಬಿಗೆ ಕೈ ಹಾಕೋ ಮುಂಚೆ ಅದರ ಒಂದು ನಕಲು ಇಟ್ಕೋಬೇಕು. ಸ್ವಾಪ್ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಇಟ್ಟೆ, ಅಳಿಸಲಿಲ್ಲ. ಉಳಿಸಿ, ಫೈಂಡ್‌ಮೌಂಟ್‌ಗೆ ವೆರಿಫೈ ಅಂತ ಹೇಳಿದ್ರೆ ಕಡತದಲ್ಲಿ ತಪ್ಪಿದ್ರೆ ರೀಸ್ಟಾರ್ಟ್ ಮಾಡೋ ಮುಂಚೆಯೇ ಬೈಯುತ್ತೆ. ಇನ್ನು ಬೂಟಿನ ಶುರುವಲ್ಲೇ ಓಡೋ ಇನಿಟ್‌ರಾಮ್‌ಎಫ್‌ಎಸ್‌ನ ರೆಸ್ಯೂಮ್ ಸೆಟ್ಟಿಂಗಲ್ಲಿ ನನ್ ಅಂತ ಬರೆದು, ಅದನ್ನ ಹೊಸದಾಗಿ ಕಟ್ಟಬೇಕು. ಬರೆದು ಕಟ್ಟದೆ ಬಿಟ್ರೆ ಹಳೇದೇ ನಡೀತಿರತ್ತೆ. ಸ್ವಾಪಿಗೆ ಎಸ್‌ಎಸ್‌ಡಿಯಲ್ಲೇ 4 ಜಿಬಿ ಫೈಲು ಮಾಡ್ತೀನಿ.

— ಮುಂದೆ ಆ ಡಿಸ್ಕು ತಾನಾಗೇ ತೆರಕೊಳ್ಳೋ ಹಾಗೆ ಬರೆದಿಡಬೌದಾ?

— ಬರೀಬಹುದು, ನೋಫೇಲ್ ಅನ್ನೋ ಮಾತು ಸೇರಿಸಿ. ಇದ್ರೆ ಇರಲಿ, ಇಲ್ಲದಿದ್ರೆ ಬಿಟ್ಟು ಹೋಗು ಅಂತ. ಬಿಚ್ಚಿ ಹಾಕೋ ಯಾವ ಡಿಸ್ಕಿಗೂ ಅದು ಇರಲೇಬೇಕು. ಈಗ ಸ್ಕ್ಯಾನರ್. ಎಲ್ಲ ಯಾವುದಕ್ಕೆ ಚುಚ್ಚಿದೀರಿ?

— ಪಿಸಿ ಅಂಗೈಯಗಲ, ತೂತು ಎಷ್ಟು ಇರ್ತವೆ? ಒಂದು ಹಬ್ ತಂದು ಅದಕ್ಕೇ ಸ್ಕ್ಯಾನರು, ಡಿಸ್ಕು, ಗಿರಾಕಿಗಳ ಪೆನ್‌ಡ್ರೈವು. ಕೀಬೋರ್ಡು, ಮೌಸು, ಪ್ರಿಂಟರು ಹಿಂದುಗಡೆ.

— ಇಲ್ಲಿ ಡಿಮೆಸೇಜ್ ಓಡಿಸಿಟ್ಟಿದ್ದೀನಿ, ಕರ್ನಲ್ ಹೇಳೋದೆಲ್ಲ ಆಗಿಂದಾಗ್ಗೆ ಬರ್ತಿರತ್ತೆ. ಸ್ಕ್ಯಾನರ್ ನಡೀತಿದೆಯಾ? ಈಗ ಬ್ಯಾಗಿಂದ ಆ ಡಿಸ್ಕ್ ತೆಗೆದು ಚುಚ್ಚಿ.

— ಚುಚ್ಚಿದೆ. ಅಯ್ಯೋ, ಸ್ಕ್ಯಾನರ್ ಲೈಟ್ ಹೋಯ್ತು.

— ನೋಡಿ, ಸಾಲಾಗಿ ಬಂತು. 1-3.2 ಡಿಸ್‌ಕನೆಕ್ಟ್. ಅಂದ್ರೆ ಒಂದನೇ ಬಸ್ಸು, ಮೂರನೇ ಪೋರ್ಟು, ಅಲ್ಲಿ ಕೂತ ಹಬ್ಬಿನ ಎರಡನೇ ತೂತು, ಅದೇ ಸ್ಕ್ಯಾನರ್. ಮತ್ತೆ ಹೊಸ ಡಿವೈಸ್ ಬಂತು ಅಂತು. ಕೂಡಲೇ ಡಿಸ್ಕ್ರಿಪ್ಟರ್ ಓದಕ್ಕಾಗಲಿಲ್ಲ, ಎರರ್ ಮೈನಸ್ 71. ಇನ್ನೊಮ್ಮೆ. ಈಗ ಮೈನಸ್ 110. ಕೊನೆಗೆ, ಇದನ್ನ ಗುರುತಿಸೋಕೆ ನನ್ನಿಂದ ಆಗಲ್ಲ ಅಂತ ಕೈಬಿಟ್ಟಿತು.

— ಆ ನಂಬರ್ ಏನು?

— ಯುಎಸ್‌ಬಿಗೆ ಏನಾದ್ರೂ ಚುಚ್ಚಿದ ಕೂಡಲೇ ಕಂಪ್ಯೂಟರು, ನೀನ್ಯಾರು, ಯಾವ ಕಂಪನಿ, ಎಷ್ಟು ಕರೆಂಟ್ ಬೇಕು ಅಂತ ಕೇಳತ್ತೆ. ಆ ಉತ್ತರವೇ ಡಿಸ್ಕ್ರಿಪ್ಟರ್. 71 ಅಂದ್ರೆ ಮಾತುಕತೆ ಅರೆಬರೆ ಆಯ್ತು, ಅರ್ಥ ಆಗಲಿಲ್ಲ. 110 ಅಂದ್ರೆ ಉತ್ತರವೇ ಬರಲಿಲ್ಲ. ಇವೆರಡು ಕಂಡ್ರೆ ಡ್ರೈವರ್ ಹುಡುಕೋಕೆ ಹೋಗಬಾರದು ಅನ್ನೋದು ನನ್ನ ಅನುಭವ. ಡ್ರೈವರಿನ ಸರದಿ ಬರೋದು ಪರಿಚಯ ಮುಗಿದ ಮೇಲೆ. ಪರಿಚಯವೇ ಆಗದಿದ್ರೆ ಕೇಬಲ್, ಕರೆಂಟ್, ಪೋರ್ಟ್, ಹಬ್, ಈ ನಾಲ್ಕರಲ್ಲೇ ಹುಡುಕಬೇಕು.

— ಡ್ರೈವರ್ ಅಂತ ಹುಡುಕಿ ಹುಡುಕಿ ಏನೇನೋ ಇಳಿಸ್ಕೊಂಡಿದೀನಿ ನಾನು.

— ಅದನ್ನೂ ನೋಡೋಣ. ಯುಎಸ್‌ಬಿ 1996ರಲ್ಲಿ ಬಂದಾಗ ಅದರ ಉದ್ದೇಶವೇ ಬಳಸೋರಿಗೆ ಈ ತಲೆನೋವು ಬೇಡ ಅನ್ನೋದು. ಇಂಟೆಲ್‌ನಲ್ಲಿ ಅದನ್ನ ರೂಪಿಸಿದ ತಂಡದ ಮುಂದಾಳು ಅಜಯ್ ಭಟ್, ಬರೋಡಾದಲ್ಲಿ ಓದಿದವರು. ಡೇಟಾ, ಕರೆಂಟು ಎರಡೂ ಒಂದೇ ವಯರಲ್ಲಿ. ಆದ್ರೆ ಕರೆಂಟಿಗೆ ಮಿತಿ ಇದೆ. ಯುಎಸ್‌ಬಿ 2.0 ಪೋರ್ಟಿಂದ 500 ಮಿಲಿಆಂಪಿಯರ್, 3.0ರಿಂದ 900. ನಿಮ್ಮ ಹಬ್ 2.0ದು. ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ. ನಿಯಮದ ಪ್ರಕಾರ ಇಂಥ ಹಬ್ ತನ್ನ ಒಂದೊಂದು ತೂತಿಗೆ 100ಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ. ಎಲ್‌ಎಸ್‌ಯುಎಸ್‌ಬಿ ಅನ್ನೋ ಕಮಾಂಡಲ್ಲಿ ವಿವರ ಕೇಳಿದ್ರೆ ನಿಮ್ಮ ಸ್ಕ್ಯಾನರ್ 500 ಬೇಕು ಅನ್ನತ್ತೆ. ಅದಕ್ಕೂ ಬೇರೆ ಕರೆಂಟ್ ವಯರ್ ಇಲ್ಲ, ದೀಪ, ಮೋಟರ್ ಎಲ್ಲ ಇಲ್ಲಿಂದಲೇ. ಇನ್ನು ಡಿಸ್ಕಿನ ಲೇಬಲ್ ಓದಿ.

— 5 ವೋಲ್ಟ್, 0.7 ಆಂಪಿಯರ್.

— ತಟ್ಟೆ ತಿರುಗೋಕೆ ಶುರುವಾಗೋ ಆ ಕ್ಷಣ ಇನ್ನೂ ಜಾಸ್ತಿ ಎಳೆಯತ್ತೆ. ವೋಲ್ಟೇಜ್ ಕುಸೀತು, ಸ್ಕ್ಯಾನರ್ ತಲೆ ತಿರುಗಿ ಬಿತ್ತು.

— ಹಾಗಿದ್ರೆ ಕಂಪ್ಯೂಟರ್ ಯಾಕೆ ಮೊದಲೇ ಬೇಡ ಅನ್ನಲಿಲ್ಲ? 100 ಕೊಡೋ ಕಡೆ 500 ಕೇಳೋನನ್ನ ಯಾಕೆ ಒಳಗೆ ಬಿಟ್ಕೊಂಡಿತು?

— ಒಳ್ಳೇ ಪ್ರಶ್ನೆ. ಕರ್ನಲ್ಲಿಗೆ ಆ ಬುದ್ಧಿ ಇದೆ. ಇಷ್ಟು ಕರೆಂಟ್ ಇಲ್ಲಿ ಇಲ್ಲ ಅಂತ ಡಿವೈಸನ್ನ ವಾಪಸ್ ಕಳಿಸತ್ತೆ, ಆ ಮಾತನ್ನೂ ಡಿಮೆಸೇಜಿನಲ್ಲಿ ಬರೀತದೆ. ಆದ್ರೆ ಹಬ್ ನಿಜ ಹೇಳಬೇಕಲ್ಲ. ಇದರ ಡಿಸ್ಕ್ರಿಪ್ಟರ್ ನೋಡಿ, ಸೆಲ್ಫ್ ಪವರ್ಡ್ ಅಂತ ಇದೆ. ನನಗೆ ಸ್ವಂತ ಕರೆಂಟ್ ಇದೆ ಅಂತ ಹೇಳಿಕೊಂಡಿದೆ.

— ವಯರ್ರೇ ಇಲ್ಲವಲ್ಲ ಇದಕ್ಕೆ!

— ಇಲ್ಲ. ಅಗ್ಗದ ಹಬ್‌ಗಳು ಹೀಗೆ ಸುಳ್ಳು ಹೇಳ್ತವೆ. ನಿಜ ಹೇಳಿದ್ರೆ ಅರ್ಧ ಡಿವೈಸುಗಳು ನಡೆಯಲ್ಲ, ಕೊಂಡವರು ವಾಪಸ್ ತರ್ತಾರೆ. ಕರ್ನಲ್ ನಂಬಿತು, ಎಲ್ಲರನ್ನೂ ಒಳಗೆ ಬಿಟ್ಕೊಂಡಿತು.

— ಹೊಸ ಹಬ್ ತರಬೇಕು ಅನ್ನು.

— ಸದ್ಯಕ್ಕೆ ಬೇಡ. ಕೀಬೋರ್ಡು, ಮೌಸು, ಪ್ರಿಂಟರು, ಇವನ್ನ ಹಬ್ಬಿಗೆ ಹಾಕಿ. ಕೀಬೋರ್ಡ್, ಮೌಸಿಗೆ ಬೇಕಾಗೋದು ಚೂರೇ ಚೂರು. ಪ್ರಿಂಟರಿಗೆ ಗೋಡೆಯ ಪ್ಲಗ್ಗಿದೆ. ಸ್ಕ್ಯಾನರು, ಡಿಸ್ಕು ಎರಡೂ ನೇರ ಪಿಸಿಯ ನೀಲಿ ಪೋರ್ಟುಗಳಿಗೆ, ಅಂದ್ರೆ 3.0ದಕ್ಕೆ. ನೀವು ಮಾಡಿದ್ದು ತಿರುಗಾಮುರುಗಾ ಆಗಿತ್ತು, ಹಸಿದವರೆಲ್ಲ ಹಬ್ಬಿನಲ್ಲಿ, ಹೊಟ್ಟೆ ತುಂಬಿದವರು ಹಿಂದುಗಡೆ. ಇನ್ನೊಮ್ಮೆ ಚುಚ್ಚಿ ನೋಡಿ.

— ಲೈಟ್ ಹೋಗಲಿಲ್ಲ. ಡಿಸ್ಕೂ ಬಂತು. ಆದ್ರೆ ಒಂದು ಮಾತು. ಡಿಸ್ಕ್ ಇಲ್ಲದ ದಿನವೂ ಕೆಲವು ಸಲ ಹೀಗಾಗ್ತದೆ. ಊಟಕ್ಕೋಗಿ ಬಂದ್ರೆ ಸ್ಕ್ಯಾನರ್ ಎದ್ದೇಳಲ್ಲ. ಮೌಸೂ ಮೊದಲ ಸಲ ಅಲ್ಲಾಡಿಸಿದ್ರೆ ಕದಲಲ್ಲ.

— ಅದು ಬೇರೆ. ಏನೇನೋ ಇಳಿಸ್ಕೊಂಡಿದೀನಿ ಅಂದ್ರಲ್ಲ. ಬ್ಲೇಮ್ ಪಟ್ಟಿಯಲ್ಲಿ ಪವರ್‌ಟಾಪ್ ಅಂತ ಒಂದು ಸರ್ವಿಸ್ ಕಂಡಿತ್ತು ನನಗೆ.

— ಕಂಪ್ಯೂಟರ್ ಫಾಸ್ಟ್ ಆಗ್ತದೆ ಅಂತ ಯಾರೋ ಹಾಕ್ಕೊಟ್ರು.

— ಅದು ಬ್ಯಾಟರಿ ಉಳಿಸೋ ಸಾಮಾನು ಮಾವ, ಲ್ಯಾಪ್‌ಟಾಪಿಗೆ. ಆಟೊ-ಟ್ಯೂನ್ ಅಂತ ಬೂಟ್ ಆದಾಗೆಲ್ಲ ಓಡಿ, ಪ್ರತಿ ಯುಎಸ್‌ಬಿ ಡಿವೈಸಿಗೂ ಕೆಲಸ ಇಲ್ಲದಾಗ ಮಲಗು ಅಂತ ಅಪ್ಪಣೆ ಕೊಡತ್ತೆ. ಕರ್ನಲ್ ತಾನಾಗಿ ಹೀಗೆ ಮಲಗಿಸೋದು ಹಬ್‌ಗಳನ್ನ ಮಾತ್ರ, ಮಿಕ್ಕವರ ತಂಟೆಗೆ ಹೋಗಲ್ಲ. ಎರಡು ಸೆಕೆಂಡ್ ಸುಮ್ಮನಿದ್ರೆ ಮಲಗಿಸು ಅನ್ನೋದು ಅದರ ಮಾಮೂಲು ಲೆಕ್ಕ. ಮಲಗಿದ ಮೇಲೆ ಸರಿಯಾಗಿ ಏಳೋಕೆ ಎಲ್ಲ ಸ್ಕ್ಯಾನರಿಗೂ ಬರಲ್ಲ. ಆ ಡಿವೈಸಿನ ಹೆಸರಿನ ಫೋಲ್ಡರಲ್ಲಿ ಪವರ್ ಒಳಗೆ ಕಂಟ್ರೋಲ್ ಅಂತ ಒಂದು ಕಡತ ಇರತ್ತೆ, ಒಂದೇ ಪದದ್ದು. ಈಗ ಆಟೊ ಅಂತಿದೆ. ಆನ್ ಅಂತ ಬರೀತೀನಿ, ಅಂದ್ರೆ ಮಲಗಬೇಡ ಅಂತ. ಆ ಸರ್ವಿಸನ್ನೂ ನಿಲ್ಲಿಸ್ತೀನಿ. ಗೋಡೆಗೆ ಪ್ಲಗ್ ಹಾಕಿಟ್ಟ ಪಿಸಿಯಲ್ಲಿ ಸ್ಕ್ಯಾನರ್ ಮಲಗಿಸಿ ಎಷ್ಟು ಕರೆಂಟ್ ಬಿಲ್ ಉಳಿಸ್ತೀರಿ?

— ಬೆರಳಚ್ಚಿನ ಡಬ್ಬಿ ಐತಲ್ಲ, ಅದೂ ಇದರಲ್ಲೇ ನಡೆಯೋ ಹಾಗೆ ಮಾಡಿಬಿಡು. ಚುಚ್ಚಿದ್ರೆ ಪಟ್ಟಿಯಲ್ಲಿ ಹೆಸರು ಬರ್ತದೆ, ಕೆಲಸ ಮಾಡಲ್ಲ.

— ಅದಕ್ಕೆ ನಿಮ್ಮ ಹತ್ತಿರ ಇರೋ ವಿಂಡೋಸ್ ಲ್ಯಾಪ್‌ಟಾಪೇ ಇರಲಿ. ಹೆಸರು ಬಂತು ಅಂದ್ರೆ ಪರಿಚಯ ಆಯ್ತು ಅಂತಷ್ಟೇ. ಆಧಾರ್ ಕೆಲಸಕ್ಕೆ ಅದರ ಜೊತೆ ಬಂದ ಸಾಫ್ಟ್‌ವೇರೇ ನಡೀಬೇಕು, ನಿಮಗೆ ಕೊಟ್ಟಿರೋದು ವಿಂಡೋಸಿಗೆ ಮಾಡಿದ್ದು. ಇದನ್ನ ಲಿನಕ್ಸಿನ ತಪ್ಪು ಅಂತಲೂ ಅನ್ನಬಾರದು, ಹೇಗಾದ್ರೂ ನಡೆಸಿಕೊಡ್ತೀನಿ ಅಂತ ಜಂಬವೂ ಕೊಚ್ಚಬಾರದು. ಪ್ರಿಂಟರ್ ಕೊಳ್ಳೋವಾಗಲೂ ಅಷ್ಟೇ, ಲಿನಕ್ಸಿಗೆ ಡ್ರೈವರ್ ಇದೆಯಾ ಅಂತ ದುಡ್ಡು ಕೊಡೋ ಮುಂಚೆ ನೋಡಬೇಕು, ಆಮೇಲಲ್ಲ.

— ಅದಕ್ಕೇ ಅಂದಿದ್ದು, ಇದು ನಿಮ್ಮಂಥ ಓದಿದೋರಿಗೆ. ನಮ್ಮಂಥೋರಿಗಲ್ಲ.

— ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆ ಮಕ್ಕಳು ಕಂಪ್ಯೂಟರ್ ಕಲಿಯೋದೇ ಲಿನಕ್ಸಿನಲ್ಲಿ. ಕೇರಳದವರು 2001ರಲ್ಲಿ ಐಟಿ@ಸ್ಕೂಲ್ ಅಂತ ಶುರು ಮಾಡಿ, 2017ರಲ್ಲಿ ಕೈಟ್ ಅಂತ ಸಂಸ್ಥೆ ಮಾಡಿದ್ರು. ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಹತ್ತನೇ ಕ್ಲಾಸಿನ ಮಕ್ಕಳು ಮಾಡೋದನ್ನ ಇಷ್ಟು ವರ್ಷ ಅಂಗಡಿ ನಡೆಸಿದ ನೀವು ಮಾಡಲಾರಿರಾ? ಟೈಪಿಂಗಿಗೆ ಕಗಪ ಕೀಲಿಮಣೆ ಇದರಲ್ಲೇ ಇದೆ, ನೀವೇ ದಿನಾ ಹೊಡೀತೀರಿ.

— ಟೈಪಿಂಗ್ ಬಿಡು, ಬೆರಳಿಗೆ ಗೊತ್ತು. ಹಳೇ ನುಡಿ ಫೈಲುಗಳು ಮಾತ್ರ ಅಕ್ಷರ ಚೆಲ್ಲಾಪಿಲ್ಲಿ.

— ಅವು ಯೂನಿಕೋಡ್ ಅಲ್ಲದ ಫಾಂಟಿನವು. ಯೂನಿಕೋಡಿಗೆ ಪರಿವರ್ತನೆ ಮಾಡಿದ್ರೆ ಆಯ್ತು, ಇನ್ನೊಂದು ದಿನದ ಕೆಲಸ. ಈಗ ಫರ್ಮ್‌ವೇರ್ ಉಳಿದಿದೆ. ರೀಸ್ಟಾರ್ಟ್ ಮಾಡಿ ಸೆಟಪ್ಪಿನೊಳಗೆ ಹೋಗ್ತೀನಿ. ನೋಡಿ, ಬೂಟ್ ಆರ್ಡರಲ್ಲಿ ಮೊದಲು ನೆಟ್‌ವರ್ಕು, ಆಮೇಲೆ ಯುಎಸ್‌ಬಿ, ಆಮೇಲೆ ಎಸ್‌ಎಸ್‌ಡಿ. ಯಾವುದೋ ಆಫೀಸಿನ ಮೆಷೀನು ಇದು, ಅಲ್ಲಿ ಸರ್ವರಿಂದ ಸಿಸ್ಟಮ್ ಇಳಿಸ್ತಿದ್ರೇನೋ. ಇಲ್ಲಿಗೆ ಬಂದ್ರೂ ಬೆಳಿಗ್ಗೆ ಎದ್ದ ಕೂಡಲೇ ಆ ಸರ್ವರನ್ನ ಹುಡುಕತ್ತೆ. ಆಮೇಲೆ ಯಾರೋ ಮರೆತುಬಿಟ್ಟು ಹೋದ ಪೆನ್‌ಡ್ರೈವಿನಲ್ಲಿ ಹುಡುಕತ್ತೆ. ಎಸ್‌ಎಸ್‌ಡಿಯನ್ನ ಮೇಲಕ್ಕೆ ತಂದೆ, ನೆಟ್‌ವರ್ಕ್ ಬೂಟ್ ಬಂದ್ ಮಾಡಿದೆ. ಲೆಕ್ಕ ಓದಿ ಈಗ.

— ಫರ್ಮ್‌ವೇರ್ 11, ಲೋಡರ್ 4, ಕರ್ನಲ್ 6, ಯೂಸರ್‌ಸ್ಪೇಸ್ 18. ಒಟ್ಟು 39 ಸೆಕೆಂಡು. ಒಂದು ರೂಪಾಯಿನ ಸಾಮಾನೂ ತರಲಿಲ್ಲವಲ್ಲ!

— ಒಂದು ಮಾತ್ರ ಉಳಿದಿದೆ, ಅದು ಅಷ್ಟು ಸಲೀಸಲ್ಲ. ಆ ಹಳೇ ಡಿಸ್ಕನ್ನ ಸ್ಮಾರ್ಟ್‌ಸಿಟಿಎಲ್‌ನಲ್ಲಿ ತಪಾಸಣೆ ಮಾಡಿದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನೋ ಕಡೆ ಸೊನ್ನೆ ಇರಬೇಕಿತ್ತು, ಇಲ್ಲ. ಓದಕ್ಕಾಗದ ಜಾಗಗಳು ಹುಟ್ಟಿಕೊಂಡಿವೆ. ಬ್ಯಾಗಲ್ಲಿ ಹಾಕ್ಕೊಂಡು ಗಾಡಿ ಮೇಲೆ ಓಡಾಡಿಸ್ತೀರಿ, ಹಬ್ಬಿನ ಅರೆಹೊಟ್ಟೆ ಕರೆಂಟು ಬೇರೆ. ಬೇರೆ ಕಡೆ ನಕಲು ಇದೆಯಾ?

— ಇಲ್ಲ ಕಣಮ್ಮ. ಇರೋದೇ ಅದೊಂದು. ಎಲ್ಲಾ ಡಿಸೈನ್ ಸೇರಿ 40 ಜಿಬಿ ಆಗಬೌದು.

— ಎಸ್‌ಎಸ್‌ಡಿಯಲ್ಲಿ ಜಾಗ ಇದೆ. ಈಗಲೇ ನಕಲಿಗೆ ಹಾಕ್ತೀನಿ, ಕೆಟ್ಟ ಜಾಗ ಸಿಕ್ಕರೆ ಬಿಟ್ಟು ಮುಂದೆ ಹೋಗೋ ಹಾಗೆ. ಸಾಯಂಕಾಲದವರೆಗೂ ಆಗಬಹುದು. ಆ ನೀಲಿ ಪೋರ್ಟಿನ ಕೇಬಲ್ ಮಾತ್ರ ಯಾರೂ ಮುಟ್ಟಬಾರದು, ಪೆನ್‌ಡ್ರೈವ್ ತಂದವರಿಗೆ ಹಬ್ ತೋರಿಸಿ.